ಒಂದು ದೀಕ್ಷಾಸ್ನಾನ ಬೇಕಾಗಿದೆ

ರೊಟ್ಟಿಯ ತಟ್ಟೆ ತಿಯುರ್ಮಾಳ ಬಾಯಿಯ ಮುಂದೆ ಬಂತು. ನಿಲ್ಲಲಿಲ್ಲ. ಪಕ್ಕದವರಿಗೆ ಹೋಯಿತು.

ಇದು ಎಪ್ಪತ್ತನೆಯ ಸಲ. ಚರ್ಚಿನಲ್ಲಿ ತಿಂಗಳಿಗೊಂದು ಪವಿತ್ರ ಭೋಜನ, ಐದು ವರ್ಷ ಹತ್ತು ತಿಂಗಳು. ಎಣಿಸಬಾರದು ಅಂದುಕೊಂಡಿದ್ದಳು, ಆದರೂ ಎಣಿಕೆ ತಪ್ಪಿರಲಿಲ್ಲ.

ಅವಳು ನೋಡಿಕೊಳ್ಳುವ ಮೆಂಗ್ ಅಜ್ಜಿಗೆ ಎಂಬತ್ತೊಂಬತ್ತು. ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು. ಮಾತು ಹೋಗಿತ್ತು. ಹಟ ಮಾತ್ರ ಹೋಗಿರಲಿಲ್ಲ. ಜೀವಮಾನವೆಲ್ಲ ಮಂಡಿಯೂರಿ ಕರ್ತನ ಭೋಜನ ತೆಗೆದುಕೊಂಡವಳು, ಗಾಲಿಕುರ್ಚಿಯಲ್ಲಿ ಕೂತು ತೆಗೆದುಕೊಳ್ಳಲು ಒಪ್ಪುತ್ತಿರಲಿಲ್ಲ. ಎಡಗೈಯಿಂದ ಕುರ್ಚಿಯ ತೋಳನ್ನು ಪಟಪಟ ಬಡಿಯುತ್ತಿದ್ದಳು. ಹಾಗಾಗಿ ತಿಯುರ್ಮಾ ಪ್ರತಿ ತಿಂಗಳು ಅವಳ ಕಂಕುಳಿಗೆ ಕೈಕೊಟ್ಟು, ಅವಳ ಮಂಡಿಗಳ ನಡುವೆ ತನ್ನ ಮಂಡಿ ಸಿಕ್ಕಿಸಿ, ಅರವತ್ತೆರಡು ಕಿಲೋ ಭಾರವನ್ನು ಎದೆಗೆ ಆನಿಸಿಕೊಂಡು ವೇದಿಯ ಕಟಾಂಜನದ ಮುಂದೆ ಇಳಿಸುತ್ತಿದ್ದಳು. ತಾನೂ ಮಂಡಿಯೂರುತ್ತಿದ್ದಳು, ಬಿಟ್ಟರೆ ಅಜ್ಜಿ ಬೀಳುತ್ತಾಳೆ. ಎರಡು ಬಾಯಿಗಳ ನಡುವೆ ಒಂದು ಗೇಣು ಅಂತರ. ಪಾದ್ರಿ ಯೆನ್ ಒಂದು ಬಾಯಿಗೆ ರೊಟ್ಟಿಯ ಬಿಲ್ಲೆ ಇಡುತ್ತಿದ್ದ. ಇನ್ನೊಂದು ಬಾಯಿ ಅವನಿಗೆ ಕಾಣುತ್ತಿರಲಿಲ್ಲ.

ಮೊದಲ ಸಲ ಅವಳು ಕಣ್ಣು ಮುಚ್ಚಿ ಬಾಯಿ ತೆರೆದಿದ್ದಳು. ಪಾದ್ರಿ ನಕ್ಕು, ತಲೆಯ ಮೇಲೆ ಕೈಯಿಟ್ಟು, "ಇದು ನಿಂಗಲ್ಲಮ್ಮ, ದೀಕ್ಷಾಸ್ನಾನ ಆದವರಿಗೆ" ಅಂದಿದ್ದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆರಾಧನೆ ಮುಗಿದ ಮೇಲೆ ಒಬ್ಬ ಹೆಂಗಸು ಬಿಸ್ಕತ್ತಿನ ಪೊಟ್ಟಣ ತಂದು ಕೈಗಿಟ್ಟಳು. "ಪಾಪ, ಹಸಿವಾಗಿತ್ತೇನೋ." ತಿಯುರ್ಮಾ ಆ ಬಿಸ್ಕತ್ತನ್ನು ತಿನ್ನಲಿಲ್ಲ, ಎಸೆಯಲೂ ಇಲ್ಲ. ಅಜ್ಜಿಯ ಹಾಲಿಗೆ ಅದ್ದಿ ತಿನ್ನಿಸಿದಳು.

ತಪ್ಪು ಒಂದು ಕಾಗದದಲ್ಲಿತ್ತು. ಅವಳನ್ನು ಸುಮಾತ್ರದಿಂದ ತೈವಾನಿಗೆ ಕಳಿಸಿದ ಏಜೆನ್ಸಿಯವನು ಇಂಡೋನೇಷಿಯಾದ ಎಲ್ಲ ಹೆಣ್ಣುಗಳ ಅರ್ಜಿಯಲ್ಲೂ ಧರ್ಮದ ಜಾಗದಲ್ಲಿ ಒಂದೇ ಮುದ್ರೆ ಒತ್ತುತ್ತಿದ್ದ: ಇಸ್ಲಾಂ. ಅಜ್ಜಿಯ ಮಗ ಮೆಂಗ್ ಕ್ವಾಂಗ್-ತಿ ನಿವೃತ್ತ ಹೆಡ್‌ಮಾಸ್ಟರು. ಕಾಗದದಲ್ಲಿ ಇದ್ದದ್ದೇ ಇರುವುದು ಎಂದು ನಂಬಿ ನಲವತ್ತು ವರ್ಷ ಶಾಲೆ ನಡೆಸಿದವನು. ಬಂದ ತಿಂಗಳೇ ಅವಳು ಹೇಳಿದ್ದಳು, "ಯಜಮಾನ್ರೇ, ನಾನು ಬತಾಕ್ ಜನ. ನಾವು ಲೂಥರನ್ ಕ್ರೈಸ್ತರು. ನಿಮ್ಮ ಹಾಗೇ." ಅವನು ಕನ್ನಡಕದ ಮೇಲಿಂದ ನೋಡಿ, "ನಮ್ಮನ್ನ ಮೆಚ್ಚಿಸೋಕೆ ಸುಳ್ಳು ಹೇಳ್ಬೇಕಾಗಿಲ್ಲ. ನಿನ್ನ ಧರ್ಮ ನಿನಗೆ. ನಾವು ಗೌರವಿಸ್ತೀವಿ" ಅಂದ.

ಗೌರವ ಹೇಗಿತ್ತೆಂದರೆ, ಭಾನುವಾರದ ಊಟಕ್ಕೆ ಅರವತ್ತು ಜನರಿಗೆ ಹಂದಿಮಾಂಸದ ಸಾರು ಮಾಡುವವಳು ಅವಳು, ಅರವತ್ತು ಬಟ್ಟಲು ತೊಳೆಯುವವಳೂ ಅವಳು, ಅವಳ ತಟ್ಟೆಗೆ ಮಾತ್ರ ಬೇಯಿಸಿದ ಎಲೆಕೋಸು, ಒಂದು ಮೊಟ್ಟೆ. ಹಂದಿ ಕಡಿಯದೆ ಮದುವೆಯನ್ನೂ ಮಾಡದ, ಮಣ್ಣನ್ನೂ ಮಾಡದ ಜನ ಅವಳದು. "ನಾನು ತಿಂತೀನಿ" ಎಂದು ಚಮಚ ಹಾಕಿದರೆ ಹೆಂಗಸರು ಅವಳ ಕೈ ಹಿಡಿದು ನಿಲ್ಲಿಸುತ್ತಿದ್ದರು. "ಬೇಡಮ್ಮ, ನಮಗೋಸ್ಕರ ಕಷ್ಟಪಡ್ಬೇಡ."

ಮುಸಲ್ಮಾನಳೆಂದುಕೊಂಡರೆ ಅವಳಿಗೆ ಅವಮಾನವಿರಲಿಲ್ಲ. ಪಾರ್ಕಿನಲ್ಲಿ ಅವಳ ಪಕ್ಕ ಕೂರುವ ಜಾವಾದ ಸುಮಿಯಾತಿ ಐದು ಹೊತ್ತಿನ ನಮಾಜು ತಪ್ಪಿಸದವಳು, ಬಂಗಾರದಂಥ ಹೆಂಗಸು. ಸಿಟ್ಟು ಬೇರೆಯದು. ಬಾಯಿಬಿಟ್ಟು ಹೇಳಿದ್ದನ್ನು ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಸರನ್ನೂ ಕೇಳಲಿಲ್ಲ. ಹಿಂದೆ ಇದ್ದ ಕೆಲಸದವಳನ್ನು ಆ-ತಿ ಎನ್ನುತ್ತಿದ್ದರು, ಇವಳನ್ನೂ ಆ-ತಿ ಅಂದರು. ಕುರ್ಚಿ ಹಳೆಯದು, ತಳ್ಳುವ ಕೈ ಹೊಸದು, ಅಷ್ಟೇ.

ಅವಳ ಭಾಷೆ ಅರ್ಥವಾದದ್ದು ಒಬ್ಬಳಿಗೇ. ಲಕ್ವ ಹೊಡೆದವರಿಗೆ ಮಾತು ಹೋದರೂ ಹಾಡು ಉಳಿಯುತ್ತದಂತೆ. ಒಂದು ದಿನ ಅಜ್ಜಿಯ ಬೆನ್ನು ಒರೆಸುತ್ತ ತಿಯುರ್ಮಾ ತನ್ನೂರಿನ ಕೀರ್ತನೆ ಗುನುಗಿದಳು. ಮಲಗಿದ್ದ ಮುದುಕಿ ಅದೇ ಧಾಟಿಯನ್ನು ಚೀನೀ ಮಾತಿನಲ್ಲಿ ಎತ್ತಿಕೊಂಡಳು. ಮೂರು ಚರಣ, ಒಂದೂ ತಪ್ಪಿಲ್ಲ. ಅವತ್ತಿನಿಂದ ಅಜ್ಜಿಗೆ ಗೊತ್ತಿತ್ತು. ಹೇಳಲು ಅವಳಿಗೆ ಬಾಯಿರಲಿಲ್ಲ.

ಆ ವರ್ಷ ದಕ್ಷಿಣ ವಲಯದ ಲೂಥರನ್ ಸಭೆಗಳಿಗೆ ಒಂದು ಕನಸು ಬಿತ್ತು. ಹದಿನಾಲ್ಕು ಸಭೆಗಳು, ಆರುನೂರ ಹನ್ನೊಂದು ಜನ. ಅರ್ಧಕ್ಕರ್ಧ ಎಪ್ಪತ್ತು ದಾಟಿದವರು. ಹಿಂದಿನ ವರ್ಷ ಮೂವತ್ತೊಂದು ಮಣ್ಣು, ಎರಡು ದೀಕ್ಷಾಸ್ನಾನ. ಹೀಗೇ ಬಿಟ್ಟರೆ ಇನ್ನು ಇಪ್ಪತ್ತೆರಡು ವರ್ಷಕ್ಕೆ ಬಾಗಿಲಿಗೆ ಬೀಗ ಹಾಕಲೂ ಒಬ್ಬ ಉಳಿಯುವುದಿಲ್ಲ ಎಂದು ವಲಯದ ಅಧ್ಯಕ್ಷರಿಗೆ ಹೊಳೆಯಿತು. ಒಂದು ಸಮಿತಿಯಾಯಿತು. ಸಮಿತಿ ಒಂದು ಪುಸ್ತಿಕೆ ಬರೆಯಿತು, ನುಣುಪು ಕಾಗದ, ಹಸಿರು ಅಕ್ಷರ: 'ಹೊಸ ಚಿಗುರು'. ಐದು ವರ್ಷದಲ್ಲಿ ಸಭೆ ಇಮ್ಮಡಿಯಾಗಬೇಕು. ಮೊದಲ ವರ್ಷ ಪ್ರತಿ ಸಭೆಯಿಂದ ಒಂದಾದರೂ ಹೊಸ ದೀಕ್ಷಾಸ್ನಾನವಾಗಬೇಕು. 'ನಮ್ಮ ನಡುವಿನ ಪರದೇಶಿಗಳಿಗೆ' ಎಂದು ಒಂದು ಇಡೀ ಅಧ್ಯಾಯವಿತ್ತು. ಮುಖಪುಟದಲ್ಲಿ ಗಾಲಿಕುರ್ಚಿ ತಳ್ಳುವ ಹೆಂಗಸೊಬ್ಬಳ ಬೆನ್ನು. ಆ ಬೆನ್ನು ತಿಯುರ್ಮಾಳದು. ಯಾವಾಗ ತೆಗೆದರೋ ಅವಳಿಗೆ ತಿಳಿಯದು.

ಸಮಿತಿಯ ಮುಖ್ಯಸ್ಥ ಮೆಂಗ್. ಬರೆದವನು ಪಾದ್ರಿ ಯೆನ್. ನಲವತ್ತರೊಳಗಿನವನು, ಪರದೇಶದಲ್ಲಿ ಓದಿ ಬಂದವನು, ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಈ ಕಥೆ ಸುಲಭವಾಗುತ್ತಿತ್ತು.

ಫೆಬ್ರುವರಿಯ ಒಂದು ಸಂಜೆ ಸಮಿತಿ ಮೆಂಗ್‌ನ ಮನೆಯ ಹಜಾರದಲ್ಲಿ ಸೇರಿತು. ತಿಯುರ್ಮಾ ಚಹಾ ತಂದಳು.

"ವಸಂತದ ಮಹಾಸಭೇಲಿ, ವೇದಿಕೆ ಮೇಲೇ, ಪರದೇಶಿ ಒಬ್ಬಳಿಗೆ ದೀಕ್ಷಾಸ್ನಾನ ಕೊಡ್ಬೇಕು ಅಂತ ಅಧ್ಯಕ್ಷರ ಆಸೆ" ಅಂದ ಪಾದ್ರಿ. "ಎಲ್ಲರಿಗೂ ಹುರುಪು ಬರತ್ತೆ. ಎಲ್ಲಿಂದ ತರೋದು?"

"ಹುಡ್ಕೋದ್ಯಾಕೆ, ನಮ್ಮನೇಲೇ ಇದಾಳಲ್ಲ" ಅಂದ ಮೆಂಗ್. "ಆರು ವರ್ಷದಿಂದ ವಾಕ್ಯ ಕಿವಿಗೆ ಬೀಳ್ತಿದೆ. ಕಲ್ಲಾಗಿದ್ರೂ ಕರಗಿರತ್ತೆ."

ತಿಯುರ್ಮಾ ಲೋಟ ಇಡುತ್ತಿದ್ದ ಕೈ ನಿಲ್ಲಿಸಿದಳು. "ನಂಗೆ ದೀಕ್ಷಾಸ್ನಾನ ಆಗಿದೆ, ಯಜಮಾನ್ರೇ. ಹುಟ್ಟಿದ ದಿನಾನೇ ಆಗಿದೆ. ಬಂದಾಗ್ಲೇ ಹೇಳಿದ್ದೆ."

ಮಹಿಳಾ ಸಂಘದ ಚ್ವೇ ಅಮ್ಮ ನಕ್ಕಳು. "ಅದು ನಮಾಜಿಗೆ ಮುಂಚೆ ಕೈಕಾಲು ತೊಳ್ಕೊಳ್ತಾರಲ್ಲ, ಅದಿರ್ಬೇಕು. ಅದೇ ಬೇರೆ ಕಣಮ್ಮ, ಇದೇ ಬೇರೆ."

ಎಲ್ಲರೂ ನಕ್ಕರು. ಪಾದ್ರಿ ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಬಿಸಿನೀರಿನ ನೆಪ ಹೇಳಿಕೊಂಡು ಅಡುಗೆಮನೆಗೆ ಬಂದ.

"ಯಾರು ಕೊಟ್ಟಿದ್ದು?"

"ನನ್ನಜ್ಜಿ. ಸೂಲಗಿತ್ತಿ ಆಗಿದ್ಲು. ನಾನು ಹುಟ್ಟಿದಾಗ ಮೈಯೆಲ್ಲ ನೀಲಿ, ಉಸಿರಿಲ್ವಂತೆ. ಮಳೆಗೆ ದಾರಿ ಕುಸ್ದು ಪಾದ್ರಿ ಬರೋ ಹಾಗಿರ್ಲಿಲ್ಲ. ಅನ್ನಕ್ಕಿಟ್ಟಿದ್ದ ನೀರನ್ನೇ ಮೂರು ಸಲ ಹಾಕಿದ್ಲು. ತಂದೆಯ, ಮಗನ, ಪವಿತ್ರಾತ್ಮನ ಹೆಸ್ರಲ್ಲಿ. ಮೂರನೇ ಸಲಕ್ಕೆ ನಾನು ಅತ್ತೆನಂತೆ."

"ಪಾದ್ರಿ ಇಲ್ದೆ..."

"ಪ್ರಾಣ ಹೋಗ್ತಿರೋವಾಗ ಯಾವ ವಿಶ್ವಾಸಿ ಕೊಟ್ರೂ ಆಗತ್ತೆ ಅಯ್ನೋರೇ. ನಮ್ಮ ಸಭೇಲಿ ಅದನ್ನ ಚಿಕ್ಕ ಮಕ್ಕಳಿಗೂ ಕಲಿಸ್ತಾರೆ. ನಿಮಗೆ ಕಲಿಸಿಲ್ವಾ?"

ಪಾದ್ರಿಯ ಕಿವಿ ಕೆಂಪಾಯಿತು. ಅವಳು ಪಾತ್ರೆ ಉಜ್ಜುತ್ತಲೇ ಪ್ರಶ್ನೋತ್ತರ ಪುಸ್ತಕದ ದೀಕ್ಷಾಸ್ನಾನದ ಪಾಠವನ್ನು ತನ್ನ ಭಾಷೆಯಲ್ಲಿ ಒಪ್ಪಿಸಿದಳು. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ಒಂದು ಪದವೂ ಅವನಿಗೆ ತಿಳಿಯಲಿಲ್ಲ, ಆದರೆ ಎಲ್ಲಿ ನಿಲ್ಲಬೇಕೋ ಅಲ್ಲೇ ಅವಳು ನಿಲ್ಲುತ್ತಿದ್ದುದು ತಿಳಿಯಿತು. ಅದೇ ಪಾಠವನ್ನು ಅವನೂ ಹನ್ನೆರಡನೆಯ ವಯಸ್ಸಿಗೆ ಒಪ್ಪಿಸಿದ್ದ. ಇವರ ಊರಿಗೆ ಆ ಪುಸ್ತಕ ಬಂದು ಎಪ್ಪತ್ತು ವರ್ಷ. ಅವಳ ಕಣಿವೆಗೆ ಬಂದು ನೂರೈವತ್ತು.

"ದಾಖಲೆ ಏನಾದ್ರೂ ಇದ್ಯಾ?" ಎಂದು ಕೇಳಿದ.

ಮೂರು ದಿನದಲ್ಲಿ ಊರಿನಿಂದ ಚಿಕ್ಕಪ್ಪ ಫೋನಿಗೆ ಚಿತ್ರ ಕಳಿಸಿದ. ಹದಿನಾರನೆಯ ವಯಸ್ಸಿಗೆ ಸಭೆಯ ಮುಂದೆ ನಿಂತು ನಂಬಿಕೆ ಒಪ್ಪಿಕೊಂಡು ಮೊದಲ ರೊಟ್ಟಿ ತೆಗೆದುಕೊಂಡ ಪತ್ರ. ಮುದ್ರೆ, ಇಸವಿ, ಮನೆತನದ ಹೆಸರು: ತಿಯುರ್ಮಾ ಹುತಗಾಲುಂಗ್. ಪಾದ್ರಿ ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ.

"ಮೊದ್ಲೇ ತೋರಿಸ್ಬೇಕಿತ್ತು."

"ಮೊದ್ಲು ಕೇಳಿದ್ರಾ?"

"ಈಗ ನಿನ್ನನ್ನ ಸದಸ್ಯೆ ಅಂತ ಸೇರಿಸ್ಕೊಂಡ್ರೆ ಅದು ವರ್ಗಾವಣೆ ಆಗತ್ತೆ, ದೀಕ್ಷಾಸ್ನಾನ ಆಗಲ್ಲ. ಯೋಜನೇಲಿ ವರ್ಗಾವಣೆಗೆ ಕಾಲಮ್ಮೇ ಇಲ್ಲ." ಅವನು ಫೋನು ವಾಪಸು ಕೊಟ್ಟ. ಅವಳ ಮುಖ ನೋಡಲಿಲ್ಲ. "ಅಧ್ಯಕ್ಷರಿಗೆ ನಿನ್ನ ಹೆಸರು ಹೋಗಿಬಿಟ್ಟಿದೆ. ಪೋಸ್ಟರೂ ಅಚ್ಚಾಗಿದೆ."

ಪೋಸ್ಟರಿನಲ್ಲಿ ಅವಳ ಹೆಸರು ಆ-ತಿ ಎಂದಿತ್ತು.

ಅವಳ ಕರಾರು ಏಪ್ರಿಲ್ ಕೊನೆಗೆ ಮುಗಿಯುತ್ತಿತ್ತು. ಮೆಂಗ್ ಸಹಿ ಹಾಕಿದರೆ ಇನ್ನು ಮೂರು ವರ್ಷ. ತಿಯುರ್ಮಾಳ ಮಗಳು ಮೆಲ್ದಾ ಮೇದಾನ್ ಪಟ್ಟಣದಲ್ಲಿ ಸೂಲಗಿತ್ತಿ ಓದು ಓದುತ್ತಿದ್ದಳು, ಮುಗಿಯಲು ಎರಡು ವರ್ಷವಿತ್ತು. ಕರಾರಿನ ಕಾಗದ ಫ್ರಿಜ್ಜಿನ ಬಾಗಿಲಿಗೆ ಒಂದು ಮೀನಿನಾಕಾರದ ಅಯಸ್ಕಾಂತದ ಕೆಳಗೆ ನೇತಾಡುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ಅವಳು ಆ ಬಾಗಿಲು ತೆರೆಯಬೇಕಿತ್ತು.

"ಮಹಾಸಭೆ ಮುಗೀಲಿ. ಸೋಮವಾರ ಸಹಿ ಹಾಕ್ತೀನಿ" ಅಂದ ಮೆಂಗ್.

"ನಾನು ಬೇಡ ಅಂದ್ರೆ?"

"ನಾನೇನು ಬಲವಂತ ಮಾಡಿದ್ನಾ? ನಿನ್ನಿಷ್ಟ ನಿಂದು." ಪೇಪರಿನ ಪುಟ ತಿರುಗಿಸಿದ. "ನನ್ನಿಷ್ಟ ನಂದು."

ಆ ಊರಿನಲ್ಲಿ ಕಸದ ಗಾಡಿ ಸಂಗೀತ ಹಾಕಿಕೊಂಡು ಬರುತ್ತದೆ. ಮನೆಮನೆಯ ಕೆಲಸದ ಹೆಂಗಸರು ಚೀಲ ಹಿಡಿದು ಬೀದಿಗಿಳಿಯುತ್ತಾರೆ. ದಿನದಲ್ಲಿ ಆ ಹತ್ತು ನಿಮಿಷ ಅವರದು. ಲಾಮ್ರಿಯಾ ಕೂಡ ಬತಾಕ್ ಹೆಂಗಸು, ಪಕ್ಕದ ಕಣಿವೆಯವಳು, ನಾಲ್ಕನೇ ಮಹಡಿಯ ಮುದುಕನನ್ನು ನೋಡಿಕೊಳ್ಳುವವಳು.

"ಹೂಂ ಅಂದ್ಬಿಡೇ ಅತ್ತಿಗೆ" ಅಂದಳು ಲಾಮ್ರಿಯಾ. "ನೀರಲ್ವಾ. ತಲೆ ಒರೆಸ್ಕೊಂಡ್ರೆ ಮುಗೀತು. ನಮ್ಮನೆಯವರು ದಿನಾ ಬೆಳಿಗ್ಗೆ ಅವರ ಹಿರೀಕರ ಪಟಕ್ಕೆ ನನ್ನ ಕೈಲಿ ಊದುಬತ್ತಿ ಹಚ್ಚಿಸ್ತಾರೆ. ನಾನು ಹಚ್ಚಲ್ವಾ? ಹಚ್ತಾ ಹಚ್ತಾ ಒಳಗೊಳಗೇ ಬೈತೀನಿ."

"ನಿಂಗೆ ಊದುಬತ್ತಿ ಹಚ್ಚು ಅಂತಾರೆ. ನಿಂಗೆ ನಂಬಿಕೆಯೇ ಇಲ್ಲ, ನೀನು ಹುಟ್ಟೇ ಇಲ್ಲ ಅಂತಾರಾ?"

"ಅದೇನೇ ಹಾಗಂದ್ರೆ?"

"ಆ ನೀರು ಹಾಕಿಸ್ಕೊಂಡ್ರೆ ನಮ್ಮಜ್ಜಿ ಹಾಕಿದ್ದು ನೀರಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ. ಒಂದು ಹೆಂಗ್ಸು, ರಕ್ತದ ಕೈಲಿ, ಸಾಯ್ತಿರೋ ಮಗೂಗೆ ಕೊಟ್ಟಿದ್ದು. ಅದು ಸುಳ್ಳು, ಈ ಕೋಟು ಹಾಕ್ಕೊಂಡೋರು ವೇದಿಕೆ ಮೇಲೆ ಕೊಡೋದು ನಿಜಾನಾ?"

ಲಾಮ್ರಿಯಾ ಚೀಲವನ್ನು ಗಾಡಿಗೆ ಬೀಸಿ ಎಸೆದಳು. "ನಿಮ್ಮಜ್ಜಿ ಸತ್ತು ಇಪ್ಪತ್ತು ವರ್ಷ ಆಯ್ತು. ಮೆಲ್ದಾ ಬದುಕಿದಾಳೆ. ಅದನ್ನ ಯೋಚ್ನೆ ಮಾಡು."

ತಿಯುರ್ಮಾ ಅದನ್ನೇ ಯೋಚನೆ ಮಾಡಿದಳು. ಅಜ್ಜಿಯನ್ನು ಮಗ್ಗುಲು ಬದಲಿಸುವಾಗ, ಕಫ ಎಳೆಯುವಾಗ, ಮಲ ಒರೆಸುವಾಗ, ಗಂಜಿ ಸೋಸುವಾಗ. ಎರಡು ತಿಂಗಳು ಯೋಚಿಸಿದಳು. ಹೆದರಿಕೆಯಾಯಿತು. ಎರಡು ಸಲ ಮೆಂಗ್‌ನ ಕೋಣೆಯ ಬಾಗಿಲ ತನಕ ಹೋಗಿ, ಆಯ್ತು ಎನ್ನಲು ಬಾಯಿ ತೆರೆದಳು. ಎರಡು ಸಲವೂ ಅವನು ಕೇಳಿಸಿಕೊಳ್ಳುವ ಮೊದಲೇ, "ಚಹಾ ತಾ" ಅಂದ.

ಏಪ್ರಿಲ್‌ನ ಎರಡನೇ ಶನಿವಾರ. ಒಂದು ಶಾಲೆಯ ಸಭಾಂಗಣ. ಮುಂದೆ ಹದಿನಾಲ್ಕು ಸಭೆಗಳ ಬಾವುಟ. ಹಿಂದಿನ ಸಾಲಿನಲ್ಲಿ ಹನ್ನೆರಡು ಗಾಲಿಕುರ್ಚಿ, ಹನ್ನೆರಡು ಕುರ್ಚಿಯ ಹಿಂದೆ ನಿಂತ ಹನ್ನೆರಡು ಪರದೇಶಿ ಹೆಂಗಸರು, ಸುಮಿಯಾತಿಯೂ ಅವರಲ್ಲೊಬ್ಬಳು. ಅವರಿಗೆ ಕೂರಲು ಆಸನ ಹಾಕಿರಲಿಲ್ಲ. ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ. 'ಪರದೇಶಿಗಳಿಗೆ' ಎಂಬ ಅಧ್ಯಾಯದ ಪ್ರತಿ ಎಲ್ಲರ ಮಡಿಲಲ್ಲೂ ಇತ್ತು.

ಒಪ್ಪಿಗೆ ಇದೆಯೇ ಎಂದು ಯಾರೂ ಮತ್ತೆ ಕೇಳಿರಲಿಲ್ಲ. ಚ್ವೇ ಅಮ್ಮ ತಿಯುರ್ಮಾಳಿಗೆ ಬಿಳಿ ನಿಲುವಂಗಿ ತೊಡಿಸಿದಳು. ಅದಕ್ಕೆ ನುಸಿಗುಳಿಗೆಯ ವಾಸನೆ. "ಕೇಳಿದ್ದಕ್ಕೆಲ್ಲ ಹೂಂ ಅನ್ನು. ಮೂರು ಪ್ರಶ್ನೆ. ಹೂಂ, ಹೂಂ, ಹೂಂ. ಆಮೇಲೆ ತಲೆ ಬಗ್ಸು."

ಅಧ್ಯಕ್ಷರು ಮೈಕಿನ ಮುಂದೆ ನಿಂತರು. "ನಮ್ಮ ಸಭೆ ಸಾಯ್ತಾ ಇದೆ ಅಂತ ಹೇಳೋರಿದಾರೆ. ಇಗೋ, ನಿಮ್ಮ ಕಣ್ಮುಂದೆ ಹೊಸ ಚಿಗುರು." ಚಪ್ಪಾಳೆ ಬಿತ್ತು. ಕ್ಯಾಮೆರಾದವರು ಮುಂದೆ ಬಂದರು. ಮೇಜಿನ ಮೇಲೆ ಗಾಜಿನ ಬೋಗುಣಿಯಲ್ಲಿ ನೀರು. ಅದರ ಪಕ್ಕದ ವೇದಿಯಲ್ಲಿ, ಮಡಿಯ ಬಿಳಿ ಬಟ್ಟೆಯ ಮೇಲೆ, ಆಮೇಲಿನ ಭೋಜನಕ್ಕೆಂದು ರೊಟ್ಟಿಯ ತಟ್ಟೆ.

ಪಾದ್ರಿ ಯೆನ್ ಪುಸ್ತಕ ತೆರೆದ. ಅವನ ಧ್ವನಿ ಒಣಗಿತ್ತು. "ಸೈತಾನನನ್ನೂ ಅವನ ಎಲ್ಲಾ ಕೃತ್ಯಗಳನ್ನೂ ನಿರಾಕರಿಸುತ್ತೀಯೋ?"

"ಹೌದು, ನಿರಾಕರಿಸುತ್ತೇನೆ."

"ತಂದೆ, ಮಗ, ಪವಿತ್ರಾತ್ಮನನ್ನು ನಂಬುತ್ತೀಯೋ?"

"ಹೌದು, ನಂಬುತ್ತೇನೆ."

"ಈ ನಂಬಿಕೆಯಲ್ಲಿ ದೀಕ್ಷಾಸ್ನಾನ ಹೊಂದಲು ನಿನಗೆ ಮನಸ್ಸಿದೆಯೋ?"

"ಇಲ್ಲ."

ಮೈಕು ಆ ಪದವನ್ನು ಹಿಂದಿನ ಗೋಡೆಯ ತನಕ ಒಯ್ದಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಪಾಪ, ಭಾಷೆ ಬರಲ್ಲ ಎಂದು ಯಾರೋ ಅಂದರು. ಕೆಳಗಿನಿಂದ ಚ್ವೇ ಅಮ್ಮ, "ಹೂಂ ಅನ್ನು, ಹೂಂ" ಎಂದು ಕೈಸನ್ನೆ ಮಾಡಿದಳು. ಪಾದ್ರಿ ಅದೇ ಪ್ರಶ್ನೆಯನ್ನು ಮಗುವಿಗೆ ಕೇಳುವ ಹಾಗೆ ಬಿಡಿಸಿ ಬಿಡಿಸಿ ಇನ್ನೊಮ್ಮೆ ಕೇಳಿದ.

"ಅರ್ಥ ಆಯ್ತು ಅಯ್ನೋರೇ. ಇಲ್ಲ ಅಂದೆ." ಅವಳು ಮೈಕಿನ ಹತ್ತಿರ ಸರಿದಳು. "ನಂಗೆ ದೀಕ್ಷಾಸ್ನಾನ ಆಗಿದೆ. ಒಂದು ಸಲ ಆದದ್ದನ್ನ ಎರಡನೇ ಸಲ ಮಾಡೋ ಹಾಗಿಲ್ಲ. ನೀವು ಕಲಿತಿದ್ದೂ ಅದೇ, ನಾನು ಕಲಿತಿದ್ದೂ ಅದೇ. ಪತ್ರ ನಿಮಗೆ ತೋರಿಸಿದೀನಿ. ಎಪ್ಪತ್ತೆರಡು ಸಲ ನಿಮ್ಮ ಕಟಾಂಜನದ ಮುಂದೆ ಮಂಡಿಯೂರಿದೀನಿ. ನಿಮಗೆ ಒಂದು ತಲೆ ಬೇಕಾದಾಗ ನಾನು ಕಂಡೆ. ನಂಗೆ ಬೇಕಾಗಿರೋದು ಈ ನೀರಲ್ಲ. ಆ ರೊಟ್ಟಿ."

ಅವಳು ಮಂಡಿಯೂರಿದಳು. ಬಲಗೈಯ ಮೇಲೆ ಎಡಗೈ ಇಟ್ಟು ಮುಂದೆ ಚಾಚಿದಳು.

ತಟ್ಟೆ ಪಾದ್ರಿಯ ಮೊಣಕೈಯ ಹತ್ತಿರವಿತ್ತು. ಅವನು ತಟ್ಟೆಯನ್ನು ನೋಡಿದ. ಅವಳ ಕೈಗಳನ್ನು ನೋಡಿದ. ಆಮೇಲೆ ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ತಲೆಯಾಡಿಸಿದರು, ತುಸುವೇ, ಬೇಡ ಎಂದು. ಪಿಯಾನೋದ ಹೆಂಗಸಿಗೆ ಬೆರಳು ತೋರಿಸಿದರು. ಕೀರ್ತನೆ ಶುರುವಾಯಿತು. ಇನ್ನೂರು ಜನ ಎದ್ದು ನಿಂತು, ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು ಹಾಡಿದರು. ಅವಳ ಕೈಗಳು ಹಾಗೇ ಇದ್ದವು. ದಿನಕ್ಕೆ ಒಂಬತ್ತು ಸಲ ಅರವತ್ತೆರಡು ಕಿಲೋ ಎತ್ತುವ ತೋಳುಗಳು ಎರಡನೆಯ ಚರಣಕ್ಕೆ ಅದುರತೊಡಗಿದವು. ನಾಲ್ಕನೆಯ ಚರಣದ ಹೊತ್ತಿಗೆ ಮೆಂಗ್ ಮೇಲೆ ಬಂದು ಅವಳ ಮೊಣಕೈ ಹಿಡಿದ.

"ಸಾಕು ಏಳು. ಅಮ್ಮನಿಗೆ ಒದ್ದೆಯಾಗಿದೆ."

ಅದು ನಿಜವಾಗಿತ್ತು. ಅವಳು ಎದ್ದು ಹೋದಳು. ಶಾಲೆಯ ಪಾಯಿಖಾನೆಯಲ್ಲಿ ಬಿಳಿ ನಿಲುವಂಗಿಯ ತೋಳು ಮಡಿಸಿ ಅಜ್ಜಿಯನ್ನು ತೊಳೆದಳು. ಸುಮಿಯಾತಿ ಕೇಳದೆಯೇ ಬಂದು ಕಾಲು ಹಿಡಿದುಕೊಂಡಳು. ನೋಡಲೆಂದು ರಜೆ ಕೇಳಿಕೊಂಡು ಬಂದಿದ್ದ ಲಾಮ್ರಿಯಾ ಬಾಗಿಲಲ್ಲಿ ನಿಂತು, "ಹುಚ್ಚಿ, ಹುಚ್ಚಿ" ಎನ್ನುತ್ತ ಅಳುತ್ತಿದ್ದಳು. ಸಭಾಂಗಣದಲ್ಲಿ ಭೋಜನ ನಡೆಯುತ್ತಿತ್ತು. ಅಜ್ಜಿಗೆ ಅವತ್ತು ರೊಟ್ಟಿ ಸಿಗಲಿಲ್ಲ. ನೆನಪು ಮಾಡಿಕೊಂಡವರಿಲ್ಲ.

ಸೋಮವಾರ ಸಹಿಯಾಗಲಿಲ್ಲ. ಫ್ರಿಜ್ಜಿನ ಮೇಲಿನ ಕಾಗದ ಕಾಣೆಯಾಗಿತ್ತು. "ಬುಧವಾರ ಹತ್ತು ಗಂಟೆಗೆ ಏಜೆನ್ಸಿ ಗಾಡಿ ಬರತ್ತೆ" ಅಂದ ಮೆಂಗ್. ಬೇರೆ ಮಾತಿಲ್ಲ. ಮೆಲ್ದಾಳಿಗೆ ಫೋನು ಮಾಡಿದಾಗ ಆ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ಬಾಮ್ಮ, ಏನಾದ್ರೂ ಮಾಡೋಣ" ಅಂದಳು. ಏನು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ತಿಯುರ್ಮಾ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ತಪ್ಪು ಮಾಡಿದೆನೇನೋ ಎಂದು ಅತ್ತಳು.

ಬುಧವಾರ ಒಂಬತ್ತಕ್ಕೆ ಮೆಂಗ್ ಹೊಸ ಕೆಲಸದವಳನ್ನು ಕರೆತರಲು ಹೋಗಿದ್ದ. ಪಾದ್ರಿ ಯೆನ್ ಬಂದ. ಹಾಸಿಗೆ ಹಿಡಿದವರ ಮನೆಗೆ ಒಯ್ಯುವ ಭೋಜನದ ಪುಟ್ಟ ಪೆಟ್ಟಿಗೆ ಕೈಯಲ್ಲಿತ್ತು. ಕಣ್ಣಿನ ಕೆಳಗೆ ಕಪ್ಪು.

"ಅಜ್ಜಿಗೆ ಶನಿವಾರ ತಪ್ಪಿಹೋಯ್ತಲ್ಲ, ಅದಕ್ಕೆ ಬಂದೆ."

"ಸ್ವಲ್ಪ ಕಾಯ್ಬೇಕು. ಹೊಲಸು ಮಾಡ್ಕೊಂಡಿದಾರೆ. ಕಾಲು ಹಿಡ್ಕೊಳ್ತೀರಾ?"

ಅವನು ಹಿಡಿದುಕೊಂಡ. ಮುಖ ಕಿಟಕಿಯ ಕಡೆ ತಿರುಗಿಸಿಕೊಂಡ. ಅವಳು ಒರೆಸಿದಳು, ತೊಳೆದಳು, ಒಣಬಟ್ಟೆಯಿಂದ ಒತ್ತಿ ಪುಡಿ ಹಾಕಿದಳು. ಆರು ವರ್ಷ ಹಾಸಿಗೆಯಲ್ಲಿದ್ದ ಆ ಬೆನ್ನಿನ ಮೇಲೆ ಒಂದೇ ಒಂದು ಹುಣ್ಣಿರಲಿಲ್ಲ. ಅದನ್ನು ಅವನಿಗೆ ತೋರಿಸಿದಳು. "ನೋಡ್ಕೊಳ್ಳಿ. ಮುಂದಿನ ತಿಂಗಳು ಬಂದು ಮತ್ತೆ ನೋಡಿ."

ಅಜ್ಜಿಯನ್ನು ದಿಂಬಿಗೆ ಒರಗಿಸಿದರು. ಪಾದ್ರಿ ಕೈ ತೊಳೆದು, ಪೆಟ್ಟಿಗೆ ತೆರೆದು, ಪ್ರಾರ್ಥನೆ ಹೇಳಿ ಅವಳ ನಾಲಿಗೆಯ ಮೇಲೆ ಬಿಲ್ಲೆ ಇಟ್ಟ. ಆಮೇಲೆ ಹೋಗಿ ಕೋಣೆಯ ಬಾಗಿಲು ಹಾಕಿದ. ಕಿಟಕಿಯ ಪರದೆ ಎಳೆದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇನ್ನೊಂದು ಬಿಲ್ಲೆ ತೆಗೆದು ತಿಯುರ್ಮಾಳ ಮುಂದೆ ಹಿಡಿದ.

"ತಗೋಮ್ಮ. ನಿನ್ನ ದೀಕ್ಷಾಸ್ನಾನ ಸರಿಯಾದದ್ದೇ. ನಂಗೆ ಗೊತ್ತು."

ಆರು ವರ್ಷದ ಹಸಿವು. ಕೈಗಳು ತಾವೇ ಮೇಲೆದ್ದು ಒಂದರ ಮೇಲೊಂದು ಕೂತವು. ಬಿಲ್ಲೆ ಅವುಗಳ ಹತ್ತಿರ ಬಂತು.

"ಶನಿವಾರ ಗೊತ್ತಿತ್ತಾ?" ಎಂದು ಕೇಳಿದಳು.

"ಗೊತ್ತಿತ್ತು."

"ಈಗ ಹೇಳಿದ್ದನ್ನ ಬರೋ ಭಾನುವಾರ ಎಲ್ಲರ ಮುಂದೆ ಹೇಳ್ತೀರಾ?"

ಅವನು ತುಟಿ ನೆಕ್ಕಿಕೊಂಡ. "ನಿಧಾನವಾಗಿ... ಅಧ್ಯಕ್ಷರ ಹತ್ರ ಮಾತಾಡಿ, ಸಮಿತೀಲಿ ಇಟ್ಟು..."

"ಬಾಗಿಲು ಯಾಕೆ ಹಾಕಿದ್ರಿ?"

ಪಾದ್ರಿ ಮುಚ್ಚಿದ ಬಾಗಿಲ ಕಡೆ ನೋಡಿದ.

"ತೆಗೀರಿ. ಪರದೇನೂ ಸರಿಸಿ. ಎದುರುಮನೆಯವರು ನೋಡ್ಲಿ, ಗಾಡಿಯವನು ನೋಡ್ಲಿ. ಯಜಮಾನ್ರು ಬರೋ ತನಕ ಕಾಯೋಣ, ಅವರ ಮುಂದೆ ಕೊಡಿ. ತಗೋತೀನಿ."

ಅವನು ನಿಂತಲ್ಲೇ ನಿಂತ. ಬೆರಳಿನ ಬೆವರಿಗೆ ಬಿಲ್ಲೆಯ ಅಂಚು ಮೆತ್ತಗಾಗುತ್ತಿತ್ತು. ಕೆಳಗೆ ಗಾಡಿ ಬಂದು ಹಾರ್ನ್ ಮಾಡಿತು. ಅವಳು ಕೈಗಳನ್ನು ಇಳಿಸಿ ಲಂಗಕ್ಕೆ ಒರೆಸಿಕೊಂಡಳು.

"ಬೇಡ ಅಯ್ನೋರೇ. ಕದ್ದು ತಿನ್ನೋಕೆ ನಾನೇನು ಕಳ್ಳಿಯಲ್ಲ."

ಅಜ್ಜಿಯ ಬಳಿ ಬಗ್ಗಿ, ಕೆನ್ನೆಗೆ ಕೆನ್ನೆ ಒತ್ತಿದಳು. ಮುದುಕಿ ಎಡಗೈಯಿಂದ ಅವಳ ಕೂದಲು ಹಿಡಿದುಕೊಂಡಳು, ಬಿಡಲೊಲ್ಲಳು. ಒಂದೊಂದೇ ಬೆರಳು ಬಿಡಿಸಿಕೊಳ್ಳಬೇಕಾಯಿತು. ತಿಯುರ್ಮಾ ಪರದೆ ಸರಿಸಿದಳು. ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದು, ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು.

ಪ್ರಾರ್ಥನೆ ಹೇಳಿ ತೆಗೆದ ರೊಟ್ಟಿಯನ್ನು ಮತ್ತೆ ಪೆಟ್ಟಿಗೆಗೆ ಹಾಕುವಂತಿಲ್ಲ, ಎಸೆಯುವಂತೆಯೂ ಇಲ್ಲ. ಪಾದ್ರಿ ಅದನ್ನು ತನ್ನ ಬಾಯಿಗೇ ಹಾಕಿಕೊಂಡ. ಅಜ್ಜಿ ಹಾಸಿಗೆಯಿಂದ ಅವನನ್ನೇ ನೋಡುತ್ತಿದ್ದಳು. ಬಿಲ್ಲೆ ಅವನ ಅಂಗುಳಕ್ಕೆ ಅಂಟಿಕೊಂಡಿತು. ಕೆಳಗೆ ಗಾಡಿ ಹೊರಟ ಸದ್ದು ಕೇಳಿಸಿತು. ಅವನು ಇನ್ನೂ ನುಂಗಲು ಒದ್ದಾಡುತ್ತಿದ್ದ.